ಹೆಗಲಿಗೆ ಬರುವ ಕೊಕ್ಕರೆ

ಚೆನ್ನಾಜಮ್ಮನ ಕೊಕ್ಕರೆಗೆ ಎರಡು ತಲೆ ಇತ್ತು, ಬಾಲ ಇರಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ತಂಗಿ ಹೊನ್ನಿಯ ಜೊತೆ ಎದುರುಬದುರು ಕೂತು ಮಡಿಸಿದ ಕಾಗದದ ಕೊಕ್ಕರೆ ಅದು. ಮಡಿಸುತ್ತಾ ಹೋದರೆ ಕೊನೆಯಲ್ಲಿ ಎರಡು ಚೂಪು ಮೂಲೆ ಉಳಿಯುತ್ತವೆ. ಒಂದನ್ನು ಬಗ್ಗಿಸಿ ಕೊಕ್ಕು ಮಾಡಬೇಕು, ಇನ್ನೊಂದನ್ನು ಬಾಲವೆಂದು ಹಾಗೇ ಬಿಡಬೇಕು. ತಲೆ ನಾನೇ ಮಾಡುತ್ತೇನೆಂದು ಅಕ್ಕನೂ ಹಟ ಹಿಡಿದಳು, ತಂಗಿಯೂ ಹಟ ಹಿಡಿದಳು. ಕಡೆಗೆ ಇಬ್ಬರೂ ತಂತಮ್ಮ ಕಡೆಯ ಮೂಲೆಯನ್ನು ಬಗ್ಗಿಸಿಬಿಟ್ಟರು. ಆ ಸಂಜೆ ಮಡಿಕೆ ಚಾವಡಿಯಲ್ಲಿ ನಗದವರಿಲ್ಲ. ಊರು ಅದಕ್ಕೆ ಗಂಡಭೇರುಂಡ ಎಂದು ಹೆಸರಿಟ್ಟಿತು. ಬಾಲ ಇಲ್ಲದಿದ್ದರೂ ಹಾರುವುದರಲ್ಲಿ ಅದೇನೂ ಹಿಂದೆ ಬೀಳಲಿಲ್ಲ. ಅಕ್ಕ ಬಾವಿಯ ಹತ್ತಿರ, ತಂಗಿ ಶಾಲೆಯಲ್ಲಿ ಇದ್ದರೆ, ಅದು ನಡುವಿನ ಹಿಟ್ಟಿನ ಗಿರಣಿಯ ತಗಡಿನ ಮೇಲೆ ಕೂತು ಒಂದು ಕಡೆಯಿಂದ ಬಾವಿಯನ್ನೂ ಇನ್ನೊಂದು ಕಡೆಯಿಂದ ಶಾಲೆಯನ್ನೂ ನೋಡುತ್ತಿತ್ತು.

ನಮ್ಮೂರಲ್ಲಿ ಒಬ್ಬರೇ ಮಡಿಸಿದ ಕೊಕ್ಕರೆ ಬರೀ ಕಾಗದ. ಇಬ್ಬರು ಸೇರಿ ಮಡಿಸಿದ್ದು ಮಾತ್ರ ಏಳುತ್ತದೆ. ಆಮೇಲೆ ಆ ಇಬ್ಬರು ಎಲ್ಲೇ ಇರಲಿ, ಅದು ಅವರ ನಟ್ಟನಡುವೆ ಇರುತ್ತದೆ. ಒಬ್ಬರು ದೂರ ಸರಿದರೆ ಅವರು ಸರಿದದ್ದರ ಅರ್ಧದಷ್ಟು ತಾನೂ ಅವರ ಹಿಂದೆ ಸರಿಯುತ್ತದೆ. ಒಬ್ಬರ ಜೊತೆ ಒಂದೇ ಕೊಕ್ಕರೆ. ಅದು ಹರಿದರೆ, ಅಥವಾ ಬಿಚ್ಚಿ ಹಾಕಿದರೆ, ಅದೇ ಇಬ್ಬರು ಇನ್ನೊಂದು ಮಡಿಸಿ ಎಷ್ಟು ಊದಿದರೂ ಅದು ಮಿಸುಕುವುದಿಲ್ಲ. ಹಾಗಾಗಿ ಇಲ್ಲಿನ ಪ್ರತಿ ಬಾಗಿಲಿನ ಮೇಲೂ ಕೊಕ್ಕರೆ ನುಸುಳುವಷ್ಟು ಒಂದು ಕಿಂಡಿ ಇದೆ. ಮಳೆಗಾಲಕ್ಕೆ ಮುಂಚೆ ಎಲ್ಲರೂ ತಮ್ಮ ಕೊಕ್ಕರೆಗಳಿಗೆ ಮೇಣ ತಿಕ್ಕುತ್ತಾರೆ. ಮದುವೆ ಮನೆಯಲ್ಲಿ ಜನಕ್ಕಿಂತ ಕೊಕ್ಕರೆಗಳ ಗಲಾಟೆಯೇ ಹೆಚ್ಚು. ರಾತ್ರಿ ಮಲಗಿದರೆ ನಡುವೆ ಇದೊಂದು ಬೇರೆ ಎಂದು ಗೊಣಗುವ ಗಂಡಂದಿರಿದ್ದಾರೆ. ಒಮ್ಮೆ ಗಿರಣಿ ಯಜಮಾನನ ಮಗಳು ಯಾರ ಜೊತೆ ಕದ್ದು ಮಡಿಸಿದ್ದಾಳೆಂದು ತಿಳಿಯದೆ, ಅವರಪ್ಪ ತನ್ನ ಮನೆಯಿಂದ ಕೊಕ್ಕರೆಯವರೆಗೆ ಹೆಜ್ಜೆ ಹಾಕಿ ಅಳೆದು, ಆಚೆಗೂ ಅಷ್ಟೇ ಅಳೆದುಕೊಂಡು ಹೋಗಿ ಪೋಸ್ಟ್‌ಮ್ಯಾನ್ ಮನೆಯ ಕದ ತಟ್ಟಿದ್ದ.

ಚಾವಡಿಗೆ ಕಾಗದ ಕತ್ತರಿಸಿ ಕೊಡುವವನು ನಾನು. ಊರಿಗೆ ನಾನು ಕತ್ರಿ ಈರಣ್ಣ. ಗುರುವಾರ ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಉದ್ದ ಹಲಗೆಗಳ ಎರಡೂ ಬದಿಗೆ ಜನ ಕೂರುತ್ತಾರೆ. ಇನ್ನೂ ಜೊತೆಯಾಗಿ ಮಡಿಸದವರು ಮಡಿಸುತ್ತಾರೆ, ಮಡಿಸಿಯಾದವರು ಹಳೆಯದಕ್ಕೆ ಮೇಣ ಹಚ್ಚುತ್ತಾ ಇಲ್ಲದವರ ಮಾತಾಡುತ್ತಾರೆ. ಚಾವಡಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಡಿಸುತ್ತಿದ್ದವಳು ಚೆನ್ನಾಜಮ್ಮ. ಅವಳ ಉಗುರು ಓಡಿದ ಕಡೆ ಗೆರೆ ನೂಲು ಹಿಡಿದಂತೆ ಬೀಳುತ್ತಿತ್ತು. ಆದರೆ ಹೊನ್ನಿ ಊರು ಬಿಟ್ಟ ಮೇಲೆ ಅವಳು ಯಾರ ಎದುರಿಗೂ ಕೂರಲಿಲ್ಲ. ಹಲಗೆಯ ತುದಿಯಲ್ಲಿ ಒಬ್ಬಳೇ ಕೂತು ಮಡಿಸುತ್ತಿದ್ದಳು. ಅಷ್ಟು ಚೆಂದದ ಕೊಕ್ಕರೆಗಳು, ಒಂದೂ ಅಲುಗುತ್ತಿರಲಿಲ್ಲ. ಮಕ್ಕಳು ಎತ್ತಿಕೊಂಡು ಹೋಗಿ ಆಟಕ್ಕೆ ಇಟ್ಟುಕೊಳ್ಳುತ್ತಿದ್ದರು.

ಹೊನ್ನಿ ಹೋದದ್ದು ಗಿರಣಿಯ ಎಂಜಿನ್ ರಿಪೇರಿಗೆಂದು ಬಂದಿದ್ದವನ ಹಿಂದೆ. ಅದರಲ್ಲಿ ತಪ್ಪೇನಿಲ್ಲ, ಅವನು ಒಳ್ಳೆಯವನೇ, ಎಂಜಿನ್ ಇವತ್ತಿಗೂ ಓಡುತ್ತಿದೆ. ಆದರೆ ತಾಯಿ ಸತ್ತ ಮೇಲೆ ಆ ತಂಗಿಗೆ ಜಡೆ ಹಾಕಿ, ಅನ್ನ ಕಲಸಿ ಬೆಳೆಸಿದವಳು ಚೆನ್ನಾಜಿ. ಇವಳನ್ನು ಬಿಟ್ಟು ತನಗೆ ಬೇರೆ ಯಾರೂ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದ್ದಲ್ಲ. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಊರೆಲ್ಲ ನೋಡುತ್ತಿರುವಾಗ ಅವಳು ಅಂದದ್ದು ಇಷ್ಟೇ: "ಹೋಗೋದಾದ್ರೆ ಅದನ್ನ ಬಿಚ್ಚಿಟ್ಟು ಹೋಗು. ಹಿಂದೊಂದು ಕಾಗದ ಕಟ್ಕೊಂಡು ಯಾಕೆ ಅಲೀತೀಯ?"

"ನಾನ್ಯಾಕೆ ಬಿಚ್ಲಿ?" ಅಂದಳು ಹೊನ್ನಿ. "ಬೇಡ ಅನ್ನೋಳು ನೀನು. ನೀನೇ ಬಿಚ್ಚು."

ಇಬ್ಬರೂ ಬಿಚ್ಚಲಿಲ್ಲ. ಬಸ್ಸು ಹೊರಟಿತು. ಗಂಡಭೇರುಂಡ ಅದರ ಹಿಂದೆ ನಿಧಾನವಾಗಿ ಎದ್ದು, ಗುಡ್ಡ ದಾಟಿ, ಕಣ್ಣಿಗೆ ಕಾಣದಾಯಿತು. ಚೆನ್ನಾಜಿ ಮನೆಗೆ ಬಂದು ಅಂಗಳ ಗುಡಿಸಿದಳು. ಅವಳ ತಲೆ ನರೆಯುವವರೆಗೂ ಆ ಕೊಕ್ಕರೆಯನ್ನು ಯಾರೂ ಮತ್ತೆ ನೋಡಲಿಲ್ಲ, ಅವಳ ಬಾಯಲ್ಲಿ ಹೊನ್ನಿ ಎಂಬ ಹೆಸರನ್ನೂ ಕೇಳಲಿಲ್ಲ.

ನನ್ನ ಮನೆ ಅವಳ ಮನೆಯ ಎದುರಿಗೇ ಇದೆ. ಬೆಳಿಗ್ಗೆ ಅವಳು ಬಾಗಿಲು ತೆಗೆದೊಡನೆ ಮಾಡುತ್ತಿದ್ದ ಮೊದಲ ಕೆಲಸ ನನಗೆ ಗೊತ್ತು. ಎಡಗೈಯನ್ನು ಬಲ ಹೆಗಲಿನ ಮೇಲೆ ಇಟ್ಟು ನೋಡಿಕೊಳ್ಳುತ್ತಿದ್ದಳು. ಏಕೆಂದರೆ ಜೊತೆಗಾರರು ತೀರಿಕೊಂಡರೆ ಕೊಕ್ಕರೆಗೆ ನಡುವೆ ಎಂಬುದು ಇರುವುದಿಲ್ಲ. ಅದು ಎಷ್ಟೇ ದೂರದಿಂದಾದರೂ ಬಂದು ಉಳಿದವರ ಹೆಗಲ ಮೇಲೆ ಕೂರುತ್ತದೆ. ಹೆಗಲು ಖಾಲಿ ಇದ್ದರೆ ಆ ದಿನಕ್ಕೆ ಹೊನ್ನಿ ಬದುಕಿದ್ದಾಳೆ. ಅಷ್ಟು ಖಾತ್ರಿಯಾದ ಮೇಲೆ ಚೆನ್ನಾಜಿ ಒಲೆ ಹಚ್ಚುತ್ತಿದ್ದಳು.

ಹೆಗಲಿಗೆ ಬರುತ್ತದೆ ಎಂದೆನಲ್ಲ, ಅದು ಹಿಂದಿನವರ ಮಾತು. ನಮ್ಮ ಕಾಲಕ್ಕೆ ಅದನ್ನು ಹೆಗಲವರೆಗೆ ಬರಲು ಬಿಡುತ್ತಿರಲಿಲ್ಲ. ಸತ್ತವರ ಕೊಕ್ಕರೆ ಮೈಗೆ ತಾಗಿದರೆ ಮನೆಗೆ ಒಳ್ಳೆಯದಲ್ಲ ಎಂದು ಯಾರೋ ಅಂದರು, ಆ ಮಾತೇ ಊರಲ್ಲಿ ನೆಲೆಯಾಯಿತು. ಹೊರಗೆ ಹೋದವರ ಕೊಕ್ಕರೆ ಗುಡ್ಡ ದಾಟಿ ಬಂದದ್ದು ಕಂಡ ತಕ್ಷಣ ಉಳಿದವರ ತಲೆಗೆ ನೀರು ಹಾಕಿ, ಅವರ ಕೈಯಿಂದಲೇ ಅದನ್ನು ಬಿಚ್ಚಿಸಿ, ಹಾಳೆಯನ್ನು ಕಾಲುವೆಗೆ ಬಿಟ್ಟುಬಿಡುವುದು ರೂಢಿಯಾಯಿತು. ಹೆಗಲಿಗೆ ಬರುವ ತನಕ ಕಾಯುವವರು ತಿಳಿವಳಿಕೆ ಇಲ್ಲದವರು ಎಂದಾಯಿತು. ಊರು ಬಿಟ್ಟವರು ತಿರುಗಿ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಬಂದವರನ್ನು ಯಾರೂ ನೋಡಿರಲಿಲ್ಲ.

ಈ ವಿಷಯದಲ್ಲಿ ಅಕ್ಕಯಮ್ಮನವರ ಮಾತೇ ಕಡೆಯ ಮಾತು. ಯಾರ ಮನೆಯಲ್ಲಿ ಏನಾದರೂ ಮೊದಲು ಅಳುವವರು ಅವರು, ಮೊದಲು ಚೊಂಬು ಹಿಡಿಯುವವರೂ ಅವರೇ. ಅವರ ಯಜಮಾನರು ಬಳೆ ಮಾರುತ್ತಿದ್ದ ನಂಜಯ್ಯ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾದ ಮಾತು ಎಲ್ಲಿಗೋ ಹೋಗಿ, ಕೈ ತೊಳೆಯದೆ ತಟ್ಟೆಯಿಂದ ಎದ್ದು ಹೋದವರು ಮತ್ತೆ ಊರಿಗೆ ಬರಲಿಲ್ಲ. ಬಹಳ ವರ್ಷದ ಮೇಲೆ ಒಂದು ಗುರುವಾರ ಅವರ ಕೊಕ್ಕರೆ ಹಾರಿ ಬಂದು ಚಾವಡಿಯ ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಅಕ್ಕಯಮ್ಮ ಒಂದು ಗಳಿಗೆ ಅದನ್ನು ನೋಡಿದರು. ಎದ್ದರು, ಬಿಚ್ಚಿದರು, ತಾವೇ ತಲೆಗೆ ನೀರು ಸುರಿದುಕೊಂಡರು. ಗಟ್ಟಿ ಹೆಂಗಸು ಎಂದು ಊರೆಲ್ಲ ಹೊಗಳಿತು. ಆ ಹೊಗಳಿಕೆಯಲ್ಲೇ ಅವರು ದಿನ ಕಳೆದರು ಎಂದು ನನ್ನ ಎಣಿಕೆ.

ಗಂಡಭೇರುಂಡ ಬಂದದ್ದೂ ಗುರುವಾರವೇ. ಮಳೆ ಇನ್ನೇನು ಹಿಡಿಯುತ್ತದೆ ಎನ್ನುವ ದಿನಗಳು. ಚಾವಡಿ ತುಂಬ ಮೇಣದ ವಾಸನೆ. ಸಂಜೆಯ ಬಸ್ಸು ಬಂದು ನಿಂತ ಸದ್ದು ಕೇಳಿಸಿ ಸ್ವಲ್ಪ ಹೊತ್ತಾಗಿತ್ತು. ಡ್ರೈವರ್ ಚಹಾ ಕುಡಿಯುವಷ್ಟು ಹೊತ್ತು ನಿಂತು ಅದೇ ಬಸ್ಸು ವಾಪಸು ಹೋಗುತ್ತದೆ. ನಾನು ಹಾಳೆ ಕತ್ತರಿಸುತ್ತಿದ್ದೆ. ಬಾಗಿಲ ಮೇಲಿನ ಕಿಂಡಿಯಿಂದ ಏನೋ ತೂರಿತು, ಯಾರೂ ಲಕ್ಷ್ಯ ಕೊಡಲಿಲ್ಲ. ಅದು ನಮ್ಮ ತಲೆಗಳ ಮೇಲೆ ತೂಗಾಡುತ್ತಾ ಬಂದು, ಚೆನ್ನಾಜಿ ಕೂತಿದ್ದ ಹಲಗೆಯ ಮೇಲೆ, ಅವಳಿಂದ ಒಂದು ಮಾರು ಆಚೆ, ಮೇಣದ ಡಬ್ಬಿಯ ಪಕ್ಕ ಇಳಿಯಿತು. ಕಾಗದ ಹಣ್ಣೆಲೆಯ ಬಣ್ಣಕ್ಕೆ ತಿರುಗಿತ್ತು. ಎರಡು ತಲೆ, ಬಾಲವಿಲ್ಲ.

ಹಲಗೆಯ ಆ ತುದಿಯಿಂದ ಈ ತುದಿಯವರೆಗೆ ಕೈಗಳು ನಿಂತವು. ಚೆನ್ನಾಜಿಯ ಬೆರಳಲ್ಲಿ ಅರ್ಧ ಮಡಿಸಿದ ಹಾಳೆ ಇತ್ತು. ಅವಳು ಹಿಡಿದಿದ್ದ ಮಡಿಕೆಯನ್ನು ಪೂರ್ತಿ ಎಳೆದು, ಉಗುರಿನಿಂದ ಗೆರೆ ತೀಡಿ, ಹಾಳೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೊಕ್ಕರೆಯ ಕಡೆ ತಿರುಗಿದಳು. ನಾನು ಅಳುವ ಪೈಕಿ ಅಲ್ಲ. ಆದರೂ ಆ ಮುಖ ನೋಡಲಾಗದೆ ಕೈಯಲ್ಲಿದ್ದ ಹಾಳೆಯ ಕಡೆ ತಿರುಗಿದೆ.

"ಅಯ್ಯೋ ಹೊನ್ನೀ, ಹೋಗ್ಬಿಟ್ಯೇನೇ ನಮ್ಮವ್ವಾ!" ಎಂದು ಅಕ್ಕಯಮ್ಮ ಶುರು ಮಾಡಿದರು. ಅವರ ದನಿ ಊರ ಆಚೆಗೂ ಮುಟ್ಟುವಂಥದ್ದು. ಅದರ ಹಿಂದೆ ಉಳಿದ ಹೆಂಗಸರು ಸೇರಿಕೊಂಡರು. ಹೊನ್ನಿ ಚಿಕ್ಕವಳಿದ್ದಾಗ ಹೇಗಿದ್ದಳು, ಏನು ತಿನ್ನುತ್ತಿದ್ದಳು, ಯಾರ ಮನೆಯ ಸೀಬೆಕಾಯಿ ಕದ್ದಳು, ಎಲ್ಲವೂ ರಾಗದಲ್ಲಿ ಬಂತು. ಯಾರೋ ನೀರು ತಂದರು. ಅಕ್ಕಯಮ್ಮ ಕೂತಲ್ಲೇ ಚೆನ್ನಾಜಿಯ ನೆತ್ತಿಯ ಮೇಲೆ ಒಂದು ಚೊಂಬು ನೀರು ಸುರಿದರು. ಅವಳು ಸುಮ್ಮನೆ ಸುರಿಸಿಕೊಂಡಳು.

"ಬಿಚ್ಚು ಮಗಳೇ. ಕತ್ತಲಾಗೋದ್ರೊಳಗೆ ಕಾಲುವೆಗೆ ಬಿಡೋಣ," ಅಂದರು ಅಕ್ಕಯಮ್ಮ.

"ಹೆಗಲಿಗೆ ಬರ್ಲಿ," ಅಂದಳು ಚೆನ್ನಾಜಿ.

"ಹೆಗಲಿಗೆ ಬರೋ ತನಕ ಕಾಯ್ತಾರೇನೇ? ಮೈಗೆ ತಾಗಬಾರದು ಅಂತ ಗೊತ್ತಿಲ್ವಾ ನಿಂಗೆ? ನಾನು ಕಾದ್ನಾ?"

"ನನ್ನ ತಂಗಿ ನನ್ನ ಮೈಗೆ ತಾಗಿದ್ರೆ ನಂಗೇನೂ ಆಗಲ್ಲ. ಇಷ್ಟು ವರ್ಷ ತಾಗ್ಲಿಲ್ಲ. ಅದು ಬಂದು ಕೂರೋವರೆಗೆ ನಾನು ಕೈ ಹಾಕಲ್ಲ."

ಎಲ್ಲರೂ ಕಾದೆವು. ಕೊಕ್ಕರೆ ಡಬ್ಬಿಯ ಪಕ್ಕ ಇದ್ದಲ್ಲೇ ಇತ್ತು. ಬಹಳ ದೂರದಿಂದ ಬಂದಿದೆ, ಸುಸ್ತಾಗಿರುತ್ತದೆ ಎಂದರು ಒಬ್ಬರು. ಮೇಣ ಒಣಗಿ ರೆಕ್ಕೆ ಬಿಗಿದಿದೆ, ಅದಕ್ಕೇ ಹೆಗಲಿಗೆ ಏರಲಾಗುತ್ತಿಲ್ಲ ಎಂದರು ಇನ್ನೊಬ್ಬರು. ನನಗೂ ಹಾಗೇ ಅನ್ನಿಸಿತು. ಹೊರಗೆ ಬೆಳಕು ಇಳಿಯುತ್ತಿತ್ತು. ಸತ್ತವಳನ್ನು ಕಾಯಿಸಬೇಡ, ಅವಳ ದಾರಿ ಅವಳಿಗೆ ಬಿಡು, ಹಟ ಸಾಕು ಎಂದು ಅಕ್ಕಯಮ್ಮ ಅವಳ ಬೆನ್ನು ಸವರುತ್ತಾ ಹೇಳಿದರು. ಹಟ ಎಂಬ ಮಾತು ಚೆನ್ನಾಜಿಗೆ ಎಲ್ಲೋ ನಾಟಿತು. ಎದ್ದು ನಿಂತಲ್ಲಿಂದಲೇ ಬಾಗಿ ಕೈಚಾಚಿ ಕೊಕ್ಕರೆಯನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡಳು. ತಾನು ಮಾಡಿದ ತಲೆ ಯಾವುದೆಂದು ಅವಳಿಗೆ ನೋಡದೆಯೂ ಗೊತ್ತು. ಅದರ ಕೊಕ್ಕನ್ನು ಎರಡು ಬೆರಳಲ್ಲಿ ಹಿಡಿದಳು. ಆ ಒಂದು ಮಡಿಕೆ ಬಿಡಿಸಿದರೆ ಉಳಿದದ್ದು ತಾನಾಗಿ ಬಿಟ್ಟುಕೊಳ್ಳುತ್ತದೆ. ಅಳು ಮತ್ತೆ ಜೋರಾಯಿತು.

ಆಗ ಕೊಕ್ಕರೆ ಅವಳ ಬೆರಳಿಂದ ಜಾರಿತು.

ಮೊದಲು ಹಲಗೆಯ ತುದಿಗೆ ಹೋಯಿತು. ಚೆನ್ನಾಜಿ ಅಲುಗದೆ ನಿಂತಿದ್ದಳು. ಅದು ಅಲ್ಲಿಂದ ಎದ್ದು ಗೋಡೆಗೆ ಬಡಿದುಕೊಂಡು, ಗೋಡೆಯನ್ನೇ ಹಿಡಿದು ಬಾಗಿಲ ಕಡೆ ಹೊರಟಿತು. ಹಿಡೀರಿ, ಹಿಡೀರಿ ಎಂದು ಯಾರೋ ಕೂಗಿದರು.

"ಹೋಗ್ತಾ ಇದಾಳೆ," ಅಂದಳು ಚೆನ್ನಾಜಿ.

"ಯಾರೇ?"

"ಹೊನ್ನಿ. ಗೋಡೆ ಹಿಂದೆ ಇದ್ಲು. ಈಗ ಎದ್ದು ಹೋಗ್ತಾ ಇದಾಳೆ. ನಾನು ನಿಂತಲ್ಲೇ ನಿಂತಿದೀನಿ, ಅದು ಹೋಗ್ತಿದೆ. ಸತ್ತವರು ಹೋಗ್ತಾರೇನ್ರೀ?"

ಇಷ್ಟು ಹೇಳಿ ಅವಳು ಓಡಿದಳು. ಒದ್ದೆ ಸೀರೆ, ಬಿಚ್ಚಿದ ಕೂದಲು, ಆ ವಯಸ್ಸಿನಲ್ಲಿ ಹಾಗೆ ಓಡಬಾರದು, ಓಡಿದಳು. ನಾನು ಕತ್ತರಿ ಕೈಯಲ್ಲಿ ಹಿಡಿದೇ ಹಿಂದೆ ಹೋದೆ, ಅಳುತ್ತಿದ್ದವರೆಲ್ಲ ಅರ್ಧಕ್ಕೆ ನಿಲ್ಲಿಸಿ ನನ್ನ ಹಿಂದೆ ಬಂದರು. ಕೊಕ್ಕರೆ ಬೀದಿಯ ನಡುವೆ, ಆಳೆತ್ತರದಲ್ಲಿ, ಅವಳ ಮುಂದೆ ಹಾರುತ್ತಿತ್ತು. ಗಿರಣಿಯ ತಿರುವಿನಲ್ಲಿ ಅದು ತಗಡಿನ ಮೇಲೆ ಏರಿ ಆಚೆ ಇಳಿಯಿತು. ಅವಳು ಸುತ್ತು ಹಾಕಿ ಬಂದಳು. ಬಸ್ಸಿನ ಎಂಜಿನ್ ಶುರುವಾದದ್ದು ಕೇಳಿಸಿತು. ಅವಳು ಓಡಿದಷ್ಟೂ ಕೊಕ್ಕರೆಗೂ ಅವಳಿಗೂ ನಡುವಿನ ಜಾಗ ಕಡಿಮೆಯಾಗುತ್ತಾ ಬಂತು. ನಿಲ್ದಾಣದ ಹತ್ತಿರ ಬಂದಾಗ ಅದು ಅವಳ ಮೂಗಿಗೆ ತಾಗುವಷ್ಟು ಮುಂದೆ ಇತ್ತು. ಅದರಿಂದ ಅಷ್ಟೇ ಆಚೆ, ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಕೈಯಲ್ಲಿ ಚೀಲ ಹಿಡಿದು, ತಲೆ ನರೆತ ಒಬ್ಬ ಹೆಂಗಸು ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದಳು.

"ಏ ಹೊನ್ನಿ! ಇಳಿಯೇ ಕೆಳಗೆ!"

ಮಗುವನ್ನು ಮರದಿಂದ ಇಳಿಸುವಾಗಿನ ದನಿ ಅದು. ಹೆಂಗಸು ತಿರುಗಿದಳು. ಅಕ್ಕನನ್ನು ನೋಡಿದಳು, ತೊಟ್ಟಿಕ್ಕುತ್ತಿದ್ದ ಕೂದಲನ್ನು ನೋಡಿದಳು, ಹಿಂದೆ ನಿಂತಿದ್ದ ಊರನ್ನೆಲ್ಲ ನೋಡಿದಳು.

"ಯಾರು ಸತ್ತಿದ್ದು ಅಕ್ಕಾ?"

"ನೀನೇ ಕಣೇ."

ಹೊನ್ನಿ ಮೆಟ್ಟಿಲಿಂದ ಕಾಲು ತೆಗೆದಳು. ಹತ್ತೋರು ಹತ್ತಿ ಎಂದು ಡ್ರೈವರ್ ಕೂಗಿದ, ಯಾರೂ ಹತ್ತಲಿಲ್ಲ, ಬಸ್ಸು ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಾಗ ಕೊಕ್ಕರೆ ನಡುವೆ ಸಿಕ್ಕಿ ಒಂದು ಕತ್ತು ಬಗ್ಗಿತು. ಬಗ್ಗಿದ್ದು ಯಾರು ಮಾಡಿದ ತಲೆ ಎಂದು ಆಮೇಲೆ ಅವರಲ್ಲಿ ಒಂದು ವಾರ ಜಗಳ ನಡೆಯಿತು. ಅದನ್ನು ನಾನೇ ನನ್ನ ಜಗುಲಿಯಿಂದ ಕೇಳಿದ್ದೇನೆ.

"ಚಾವಡಿಗೇ ಬಂದಿದ್ದೆ," ಎಂದು ಹೊನ್ನಿ ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಿದ್ದಳು. "ಇವತ್ತು ಗುರುವಾರ, ನೀನು ಅಲ್ಲೇ ಇರ್ತೀಯ ಅಂತ. ಒಳಗೆ ಬರೋಕೆ ಭಯ ಆಗಿ ಹಿಂದ್ಗಡೆ ಗೋಡೆ ಹತ್ರ ಕೂತಿದ್ದೆ. ನನ್ನ ಹೆಸರು ಹಿಡಿದು ಅಳೋದು ಕೇಳಿಸ್ತು, ಊರು ಬಿಟ್ಟು ಹೋದವಳು ಅಂತ ಅಳ್ತಿದಾರೆ ಅನ್ಕೊಂಡೆ. ಬಿಚ್ಚು ಬಿಚ್ಚು ಅನ್ನೋದೂ ಕೇಳಿಸ್ತು. ಸರಿ, ಅಕ್ಕ ನನ್ನ ಲೆಕ್ಕ ಮುಗಿಸ್ತಿದಾಳೆ, ಇದನ್ನ ಕೇಳ್ಕೊಂಡು ಯಾಕೆ ಕೂತಿರ್ಲಿ ಅಂತ ಎದ್ದುಬಂದೆ."

"ಹಂಗೇ ಹೋಗ್ಬಿಡ್ತಿದ್ಯಾ?"

"ಬಿಚ್ಚಿದ ಮೇಲೆ ಇನ್ನೇನಿರುತ್ತೆ ಅಕ್ಕಾ ಬರೋಕೆ?"

ಊರು ಅವರಿಬ್ಬರನ್ನೂ ಸುತ್ತುವರಿದು ಕರೆದುಕೊಂಡು ಹೋಯಿತು. ಹೊನ್ನಿಯ ಚೀಲ ಹೊರಲು ಮೂರು ಜನ ಜಗಳವಾಡಿದರು. ಆದರೆ ಗಿರಣಿ ದಾಟುವಷ್ಟರಲ್ಲಿ ಗುಂಪಿನ ಮಾತು ಸಣ್ಣಗಾಯಿತು. ನಮ್ಮಲ್ಲಿ ಹೊರಗೆ ಯಾರೂ ಇಲ್ಲದ ಮನೆ ಇಲ್ಲ, ಕಾಲುವೆಗೆ ಒಂದಾದರೂ ಹಾಳೆ ಬಿಡದ ಮನೆ ಇಲ್ಲ. ತಮ್ಮ ತಮ್ಮ ಕೊಕ್ಕರೆಗಳು ಬಂದ ದಿನ ಎಲ್ಲಿ ಕೂತಿದ್ದವು ಎಂದು ಒಬ್ಬೊಬ್ಬರೂ ನೆನೆಸಿಕೊಳ್ಳುತ್ತಿದ್ದಿರಬೇಕು. ಈಗ ನಮ್ಮೂರಲ್ಲಿ ಗುಡ್ಡದಾಚೆಯ ಕೊಕ್ಕರೆ ಕಂಡರೆ ಮೊದಲು ನಿಲ್ದಾಣಕ್ಕೆ ಓಡುತ್ತಾರೆ, ಗೋಡೆಗಳ ಹಿಂದೆ ಹುಡುಕುತ್ತಾರೆ. ಆ ಸಂಜೆ ಮಾತ್ರ ಯಾರಿಗೂ ಯಾರನ್ನೂ ಕೇಳುವ ಧೈರ್ಯ ಇರಲಿಲ್ಲ.

ನಾನು ಹಿಂದೆ ಉಳಿದಿದ್ದೆ. ನಿಲ್ದಾಣದ ಬೆಂಚಿನ ಮೇಲೆ ಅಕ್ಕಯಮ್ಮ ಕೂತಿದ್ದರು. ಚೊಂಬು ಮಡಿಲಲ್ಲಿತ್ತು. 

"ಏಳಿ ಅಕ್ಕಯಮ್ಮ, ಹೋಗೋಣ," ಅಂದೆ.

"ಈರಣ್ಣ, ನಮ್ಮನೆಯವರದ್ದು ಬಂದಾಗ ನೀನೂ ಚಾವಡೀಲಿದ್ದೆ, ಅಲ್ವಾ?"

"ಇದ್ದೆ."

"ಅದು ಎಲ್ಲಿ ಕೂತಿತ್ತು?"

ಅವತ್ತು ನಾನು ಅವರ ಪಕ್ಕದಲ್ಲೇ ನಿಂತು ಹಾಳೆ ಕತ್ತರಿಸುತ್ತಿದ್ದೆ. ಕಿಟಕಿಯ ಕಟ್ಟೆ, ಅದರ ಮೇಲೆ ಕೊಕ್ಕರೆ, ಸರಳುಗಳ ಆಚೆ ಸಂಜೆಯ ಬೀದಿ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಬೀದಿಯಲ್ಲಿ ಯಾರಾದರೂ ಇದ್ದರೇ ಎಂದು ಆಗ ನೋಡಿರಲಿಲ್ಲ.

"ಹೆಗಲ ಮೇಲೆ," ಅಂದೆ.

"ಕಿಟಕೀಲಿ ಅಂತ ನನ್ನ ನೆನಪು."

"ಮೊದಲು ಕಿಟಕೀಲಿ ಕೂತಿತ್ತು. ಆಮೇಲೆ ಹಾರಿ ನಿಮ್ಮ ಹೆಗಲಿಗೆ ಬಂತು. ನೀವು ಹೆಗಲಿಂದಾನೇ ತೆಗೆದು ಬಿಚ್ಚಿದ್ದು. ಆ ದುಃಖದಲ್ಲಿ ನಿಮಗೆ ಗೊತ್ತಾಗಿರಲ್ಲ."

"ನೀನು ನೋಡಿದ್ಯಾ?"

"ಕಣ್ಣಾರೆ ನೋಡಿದೀನಿ."

"ಯಾವ ಹೆಗಲು?"

"ಬಲಗಡೇದು."

ಅಕ್ಕಯಮ್ಮ ಎಡಗೈಯನ್ನು ಎತ್ತಿ ಬಲ ಹೆಗಲಿನ ಮೇಲೆ ಇಟ್ಟುಕೊಂಡರು. "ಇರಬಹುದು," ಅಂದರು. ನಾನು ಚೊಂಬು ಎತ್ತಿಕೊಂಡೆ. ಇಬ್ಬರೂ ಚಾವಡಿಯ ಕಡೆ ನಿಧಾನವಾಗಿ ನಡೆದೆವು. ದಾರಿಯುದ್ದಕ್ಕೂ ಅವರು ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.